ಬಿಂದಿಗೆಯ ನೀರು, ಕೆರೆಯ ನೀರು

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳೇ ಅದರ ಜೀವಾಳ. ಮುಳಬಾಗಿಲಾಗಲಿ, ಮಾಲೂರಾಗಲಿ, ನೀರಿನ ದೂರವೆಂದರೇನೆಂಬುದನ್ನು ಇಲ್ಲಿನ ಗೃಹಿಣಿಗೆ ಯಾರೂ ಕಲಿಸಬೇಕಾಗಿಲ್ಲ. ಬಿಂದಿಗೆ ತುಂಬಿದ್ದರೆ ಕೈ ಚಾಚಿದರಾಯಿತು. ಅದು ಬರಿದಾದರೆ ಹಿತ್ತಲ ತೊಟ್ಟಿ. ಬಳಿಕ ಬೀದಿಯ ಬಾವಿ. ಕಡೆಗೆ ಊರಾಚೆಯ ಕೆರೆ. ಕೈ ಎಷ್ಟು ಚುರುಕಾಗಿದ್ದರೇನು? ಅಡಿಗೆಯ ಹೊತ್ತನ್ನು ನಿರ್ಣಯಿಸುವುದು ನೀರಿನ ದೂರವೇ.

ಪ್ರೊಸೆಸರಿನ ಪಾಡೂ ಇದೇ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನುಗಳ ಜೋಡಣೆ ನಡೆಯುತ್ತದೆ. ಅವುಗಳ ಪ್ರೊಸೆಸರು ತೈವಾನಿನ ಕಾರ್ಖಾನೆಯ ಕೂಸು. ಉಗುರಿನಷ್ಟಗಲದ ಆ ಚಿಪ್‌ನೊಳಗೂ ಬಿಂದಿಗೆ, ತೊಟ್ಟಿಗಳ ಏರ್ಪಾಡುಂಟು. ಅದಕ್ಕೆ ‘ಕ್ಯಾಶ್’ ಎಂದು ಹೆಸರು. ಇದು ಹಣವಲ್ಲ; ಬಚ್ಚಿಟ್ಟ ದಾಸ್ತಾನು ಎಂಬರ್ಥದ ಫ್ರೆಂಚ್ ಮಾತು. ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಈ ಕಲ್ಪನೆಯನ್ನು ಲೇಖನವೊಂದರಲ್ಲಿ ಮಂಡಿಸಿದರು; 1968ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ ಸಿಸ್ಟಂ 360ರ 85ನೆಯ ಮಾದರಿಯಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಕಣ್ಣಿಗೆ ಕಾಣದ ಈ ದಾಸ್ತಾನನ್ನು ಅಳೆಯುವುದು ಹೇಗೆ? ಉಪಾಯ ಸರಳವಾದುದು. ಸ್ಮೃತಿಯಲ್ಲಿ ಚಿಕ್ಕದೊಂದು ಪಟ್ಟಿ ಮಾಡಿ, ಪ್ರತಿ ಮನೆಯಲ್ಲೂ ಮುಂದೆ ಹೋಗಬೇಕಾದ ಮನೆಯ ವಿಳಾಸವನ್ನು ಬರೆದಿಡಬೇಕು. ವಿಳಾಸಗಳು ಕ್ರಮವಾಗಿರಬಾರದು, ಕ್ರಮವಿದ್ದರೆ ಚತುರ ಪ್ರೊಸೆಸರು ಮುಂದಿನದನ್ನು ಊಹಿಸಿ ಮೊದಲೇ ತರಿಸಿಕೊಂಡುಬಿಡುತ್ತದೆ. ಹೀಗೆ ಲಕ್ಷಾಂತರ ಹೆಜ್ಜೆ ನಡೆಸಿ, ಹೆಜ್ಜೆಯೊಂದಕ್ಕೆ ತಗುಲಿದ ಕಾಲವನ್ನು ಗುರುತಿಸಿ, ಪಟ್ಟಿಯನ್ನು ಇಮ್ಮಡಿಗೊಳಿಸುತ್ತ ಹೋಗಬೇಕು. ಆಗ ಮೂಡುವ ಚಿತ್ರ ಓರೆಗೆರೆಯಲ್ಲ, ಮೆಟ್ಟಿಲು! 2015ರ ಇಂಟೆಲ್ ಸ್ಕೈಲೇಕ್ ಪ್ರೊಸೆಸರಿನಲ್ಲಿ 32 ಕಿಲೋಬೈಟಿನವರೆಗೆ ಸುಮಾರು 4 ಮಿಡಿತ. 256ರವರೆಗೆ ಸುಮಾರು 12. ಮೂರನೆಯ ಮೆಟ್ಟಿಲಿನಲ್ಲಿ ಸುಮಾರು 40. ಚಿಪ್ ದಾಟಿ ಮುಖ್ಯ ಸ್ಮೃತಿಗೆ ಹೋದರೆ ಇನ್ನೂರನ್ನೂ ಮೀರಬಹುದು. ಅದೇ ಕೆರೆಯ ದಾರಿ.

ಇನ್ನೊಂದು ಸ್ವಾರಸ್ಯವುಂಟು. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಹಣ್ಣು ದೂರದೂರಿಗೆ ಹೋಗುವುದು ಬಿಡಿಯಾಗಿ ಅಲ್ಲ, ಪೆಟ್ಟಿಗೆಯಲ್ಲಿ. ಹಾಗೆಯೇ ಒಂದು ಬೈಟ್ ಕೇಳಿದರೂ ಅನೇಕ ಪ್ರೊಸೆಸರುಗಳು 64 ಬೈಟುಗಳ ಕಟ್ಟನ್ನೇ ತರುತ್ತವೆ. ಪೆಟ್ಟಿಗೆಯ ಹಣ್ಣನ್ನೆಲ್ಲ ಬಳಸಿದವನಿಗೆ ಲಾಭ. ಪೆಟ್ಟಿಗೆಗೊಂದರಂತೆ ಹಣ್ಣು ತೆಗೆದು ಉಳಿದುದನ್ನು ಬಿಡುವವನಿಗೆ ನಷ್ಟ. ಸಾಲುಸಾಲಾಗಿ ಇರಿಸಿದ ದೊಡ್ಡ ಕೋಷ್ಟಕವನ್ನು ಅಡ್ಡಸಾಲಿನಲ್ಲಿ ಕೂಡಿದಾಗ ಬೇಗ ಮುಗಿಯುವ ಲೆಕ್ಕ, ಕಂಬಸಾಲಿನಲ್ಲಿ ಕೂಡಿದಾಗ ಹಲವು ಪಟ್ಟು ನಿಧಾನವಾಗುವುದುಂಟು. ಅಂಕಿಗಳು ಅವೇ, ಮೊತ್ತವೂ ಅದೇ!

ಆದಕಾರಣ ಅಳತೆಗಾರನು ಎಚ್ಚರದಿಂದಿರಬೇಕು. ಬಿಂದಿಗೆಯೊಳಗೇ ಮುಗಿಯುವ ಪರೀಕ್ಷೆಯಲ್ಲಿ ಗೆದ್ದ ಯಂತ್ರ, ನಿತ್ಯದ ದೊಡ್ಡ ಕೆಲಸದಲ್ಲಿ ಏದುಸಿರು ಬಿಟ್ಟೀತು. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತಗಳು, ನಿಜ. ಆದರೆ ನೀರಿಗಾಗಿ ಕಾಯುತ್ತ ಕಳೆದ ಮಿಡಿತಗಳೂ ಅದರಲ್ಲಿಯೇ ಸೇರಿವೆ. ಜಾಹೀರಾತನ್ನು ನೆಚ್ಚಿ ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ, ಹಳೆಯದರಲ್ಲಿ ದತ್ತಾಂಶವನ್ನು ಓರಣವಾಗಿ ಜೋಡಿಸಿ ನೋಡುವುದು ಲೇಸು.

ಈ ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆ ಬೇಡ. ಹಳೆಯ ಲ್ಯಾಪ್‌ಟಾಪೊಂದು, ಇಪ್ಪತ್ತು ಮೂವತ್ತು ಸಾಲುಗಳ ಪ್ರೋಗ್ರಾಂ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ನೀರಿನ ಬೆಲೆ ಬಲ್ಲ ಕೋಲಾರದ ವಿದ್ಯಾರ್ಥಿಗೆ ಆ ಮೆಟ್ಟಿಲುಗಳ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾದುದಿಲ್ಲ.