ಮಾಲಿನ್ಯದಲ್ಲಿ ಯಾರ ಪಾಲೆಷ್ಟು?

ನೆಲವನ್ನು ಕೆಡಿಸಿದವರೇ ಅದನ್ನು ಶುದ್ಧಗೊಳಿಸುವ ವೆಚ್ಚ ಭರಿಸಬೇಕು. ಈ ತತ್ತ್ವವನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಹಲವರ ಸಂಬಂಧವಿರುವ ನೆಲ ಮಲಿನವಾದಾಗ ಒಬ್ಬೊಬ್ಬರ ಪಾಲನ್ನು ನಿರ್ಧರಿಸುವುದು ಹೇಗೆ? ಅಮೆರಿಕದ ಒಂದು ಪ್ರಕರಣವನ್ನು ನೋಡೋಣ.

ಕ್ಯಾಲಿಫೋರ್ನಿಯದ ಆರ್ವಿನ್‌ನಲ್ಲಿ 1960ರಲ್ಲಿ ಬ್ರೌನ್ ಅಂಡ್ ಬ್ರಯಂಟ್ ಎಂಬ ಸಂಸ್ಥೆ ಕೃಷಿ ರಾಸಾಯನಿಕಗಳ ವ್ಯಾಪಾರ ಆರಂಭಿಸಿತು. ಅದರ ನೆಲ 3.8 ಎಕರೆ. 1975ರಲ್ಲಿ ಪಕ್ಕದ 0.9 ಎಕರೆಯನ್ನು ಎರಡು ರೈಲ್ವೆ ಕಂಪನಿಗಳಿಂದ ಗುತ್ತಿಗೆಗೆ ಪಡೆಯಿತು. ವರ್ಷಗಟ್ಟಲೆ ಚೆಲ್ಲಿದ, ಸೋರಿದ ರಾಸಾಯನಿಕಗಳು ಮಣ್ಣಿಗಿಳಿದು ಅಂತರ್ಜಲವನ್ನು ಸೇರಿದವು. 1989ರಲ್ಲಿ ಸಂಸ್ಥೆ ದಿವಾಳಿಯಾಗಿ ಬಾಗಿಲು ಮುಚ್ಚಿತು. ಸರ್ಕಾರವೇ ಶುದ್ಧೀಕರಣಕ್ಕೆ ಇಳಿಯಬೇಕಾಯಿತು. 1998ರ ವೇಳೆಗೆ ಖರ್ಚು 80 ಲಕ್ಷ ಡಾಲರುಗಳನ್ನು ಮೀರಿತ್ತು.

1980ರ 'ಸೂಪರ್‌ಫಂಡ್' ಕಾನೂನಿನಂತೆ ಇಂಥ ಖರ್ಚನ್ನು ನೆಲದ ಒಡೆಯರಿಂದಲೂ ವಸೂಲು ಮಾಡಬಹುದು. ಇದಕ್ಕಾಗಿ ಸರ್ಕಾರದ ವಿಶ್ಲೇಷಕರು ಮಣ್ಣಿನ ಪರೀಕ್ಷೆಯ ಶುಲ್ಕ, ಗುತ್ತಿಗೆದಾರರ ಬಿಲ್ಲು, ಸಿಬ್ಬಂದಿ ದುಡಿದ ಗಂಟೆಗಳು ಇವೆಲ್ಲವನ್ನೂ ದಾಖಲೆಸಹಿತ ಜೋಡಿಸುತ್ತಾರೆ. ಇದು ಖರ್ಚಿನ ಲೆಕ್ಕ. ಮಾಲಿನ್ಯದ ಪಾಲಿನ ಲೆಕ್ಕವೇ ಬೇರೆ.

ಆರ್ವಿನ್ ಪ್ರಕರಣದಲ್ಲಿ ಸರ್ಕಾರ ಪೂರ್ತಿ ಹಣ ಕೇಳಿತು; ರೈಲ್ವೆ ಕಂಪನಿಗಳು ಏನನ್ನೂ ಕೊಡುವುದಿಲ್ಲವೆಂದವು. ಪಾಲಿನ ಲೆಕ್ಕವನ್ನು ಕೊನೆಗೆ ಜಿಲ್ಲಾ ನ್ಯಾಯಾಲಯವೇ ಮಾಡಿತು. ರೈಲ್ವೆ ನೆಲ ಒಟ್ಟು ವಿಸ್ತೀರ್ಣದ ಶೇಕಡಾ 19 (0.9ನ್ನು 4.7ರಿಂದ ಭಾಗಿಸಿ ನೋಡಿ). ಅದು ಗುತ್ತಿಗೆಯಲ್ಲಿದ್ದ 13 ವರ್ಷಗಳು ವ್ಯಾಪಾರದ ಒಟ್ಟು ಅವಧಿಯ ಶೇಕಡಾ 45. ಮೂರು ಮುಖ್ಯ ರಾಸಾಯನಿಕಗಳ ಪೈಕಿ ಅಲ್ಲಿ ಸೋರಿದ್ದು ಎರಡು; ಶುದ್ಧೀಕರಿಸಬೇಕಾದ ಮಾಲಿನ್ಯದ ಸುಮಾರು ಮೂರನೇ ಎರಡು ಪಾಲು ಅವುಗಳದ್ದು.

0.19 × 0.45 × 0.66 = 0.056

ಅಂದರೆ ಸುಮಾರು ಶೇಕಡಾ 6. ಲೆಕ್ಕದಲ್ಲಿ ಶೇಕಡಾ 50ರಷ್ಟು ದೋಷವಿರಬಹುದೆಂದು ಅದನ್ನು 9ಕ್ಕೆ ಏರಿಸಲಾಯಿತು.

ಈ ಗುಣಾಕಾರದ ಹಿಂದಿನ ಊಹೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ರತಿ ಎಕರೆಯಲ್ಲೂ ಪ್ರತಿ ವರ್ಷವೂ ಸೋರಿಕೆ ಒಂದೇ ಪ್ರಮಾಣದಲ್ಲಿದ್ದರೆ ಮಾತ್ರ ವಿಸ್ತೀರ್ಣವನ್ನೂ ಕಾಲವನ್ನೂ ಹೀಗೆ ಗುಣಿಸಬಹುದು. ವಾಸ್ತವವಾಗಿ ಸೋರಿಕೆಯ ಬಹುಪಾಲು ಸಂಸ್ಥೆಯ ಸ್ವಂತ ನೆಲದಲ್ಲೇ ಆಗಿತ್ತು. ಆದ್ದರಿಂದ ಈ ಊಹೆಯಿಂದ ರೈಲ್ವೆಗಳ ಪಾಲು ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವೇ ಅಧಿಕ. ಮೇಲ್ಮನವಿ ನ್ಯಾಯಾಲಯ ಈ ಲೆಕ್ಕವನ್ನು ತಳ್ಳಿಹಾಕಿದರೂ 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಸಾಯನಿಕ ಪೂರೈಸಿದ್ದ ಶೆಲ್ ಕಂಪನಿಗೆ ಹೊಣೆಯೇ ಇಲ್ಲವೆಂದಿತು. ದಿವಾಳಿಯಾದ ಸಂಸ್ಥೆಯ ಪಾಲು ಸಾರ್ವಜನಿಕರ ತಲೆಯ ಮೇಲೆ ಬಿತ್ತು.

ಸೋರಿಕೆಯನ್ನು ಆಗಿಂದಾಗ್ಗೆ ಅಳೆದು ಬರೆದಿಟ್ಟಿದ್ದರೆ ಇಷ್ಟು ಒರಟು ಅಂದಾಜು ಬೇಕಾಗುತ್ತಿರಲಿಲ್ಲ. ಅಳತೆ ಇಲ್ಲದೆಡೆ ಊಹೆ ತೀರ್ಪು ನೀಡುತ್ತದೆ.