ಗುಳಿಗೆಯ ಬಾಳಿಕೆ ಎಷ್ಟು ದಿನ?

ತಂಗಿಗೆ ಟೈಪ್-1 ಡಯಾಬಿಟಿಸ್. 'ಅಕ್ಕಾ, ಇನ್ಸುಲಿನ್ ಮಾಡೋ ಜೀವಕೋಶಗಳನ್ನೇ ಹೊಟ್ಟೆಯೊಳಗೆ ಇಡ್ತಾರಂತೆ, ಇಂಜೆಕ್ಷನ್ನೇ ಬೇಡ್ವಂತೆ!' ಅಂತ ಮೊನ್ನೆ ರೀಲ್ ತೋರಿಸಿದಳು.

ಐಡಿಯಾ ಹಳೆಯದೇ. 1980ರಲ್ಲೇ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಆ ಕೋಶಗಳನ್ನು ಆಲ್ಜಿನೇಟ್ ಜೆಲ್‌ನ (ಕಂದು ಕಡಲಪಾಚಿಯಿಂದ ತೆಗೆಯೋದು) ಪುಟ್ಟ ಗುಳಿಗೆಗಳಲ್ಲಿ ತುಂಬಿ ಇಲಿಗಳ ಹೊಟ್ಟೆಯೊಳಗೆ ಇಟ್ಟಿದ್ದರು. ಎರಡು-ಮೂರು ವಾರ ಸಕ್ಕರೆ ಹತೋಟಿಯಲ್ಲಿತ್ತು.

ಆ ಜೆಲ್ಲನ್ನು ಬಿಗಿಯಾಗಿ ಹಿಡಿದಿಡೋದು ಕ್ಯಾಲ್ಸಿಯಂ. ಮೈಯೊಳಗಿನ ಸೋಡಿಯಂ ನಿಧಾನಕ್ಕೆ ಅದರ ಜಾಗಕ್ಕೆ ಬಂದು ಕೂರುತ್ತೆ. ಗುಳಿಗೆ ನೀರು ಕುಡಿದು ಊದುತ್ತೆ, ಸಡಿಲವಾಗುತ್ತೆ, ಒಡೆದರೂ ಒಡೀತು. ಆಗ ರೋಗನಿರೋಧಕ ಕಣಗಳು ಒಳಗೆ ನುಗ್ಗುತ್ತವೆ. ಒಡೆಯದಿದ್ದರೂ ಸುತ್ತ ಪೊರೆ ಬೆಳೆದು, ಆಮ್ಲಜನಕ ಸಿಗದೆ ಕೋಶಗಳು ಸಾಯಬಹುದು.

'ಇದನ್ನ ರೀಲಲ್ಲಿ ಹೇಳ್ಲೇ ಇಲ್ವಲ್ಲೇ!' ಅಂತ ಗೊಣಗಿ, ಊಟಕ್ಕೆ ಮುಂಚೆ ಇನ್ಸುಲಿನ್ ಪೆನ್ ಕೈಗೆತ್ತಿಕೊಂಡಳು.