ಖಾರ್ಕೀವ್‌ದಿಂದ ಅರ್ಧ ಓದು ಹೊತ್ತು ಬಂದವರು

2022ರ ಫೆಬ್ರವರಿ 24, ಗುರುವಾರ. ನಮ್ಮಲ್ಲಿ ಮುಂಜಾನೆ ಎಂಟೂವರೆ, ಅಂಗಡಿಕಾರರು ಬಾಗಿಲು ತೆಗೆದು ಕಸಾ ಹೊಡೆಯುವ ಹೊತ್ತು. ಉಕ್ರೇನಿನಲ್ಲಿ ಆಗ ನಸುಕಿನ ಐದು. ಅಲ್ಲಿ ಬಾಂಬು ಬೀಳಲಿಕ್ಕೆ ಸುರುವಾಗಿತ್ತು. ಡಾಕ್ಟರಕೀ ಕಲಿಯಲಿಕ್ಕೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಹಾಸ್ಟೆಲಿನ ತಳಮನೆಗೆ, ಮೆಟ್ರೋ ಸ್ಟೇಶನ್ನಿನ ನೆಲಮಾಳಿಗೆಗೆ ಓಡಿದರು. ಪರದೇಶದಲ್ಲಿ ಅವರ ಓದಿನ ಕೊನೇ ದಿನಗಳು ಹಾಗೆ ಬಂದವು. ಪರೀಕ್ಷೆ ಇಲ್ಲ, ಸೆಂಡಾಫ್ ಇಲ್ಲ, ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ.

ಖಾರ್ಕೀವ್ ಅಂದರೆ ರಶಿಯಾದ ಗಡಿಗೆ ಹತ್ತಿದ ಊರು. ಸುಮಾರು ನಲವತ್ತು ಕಿಲೋಮೀಟರ್ ಅಂತರ, ಹುಬ್ಬಳ್ಳಿಗೂ ನವಲಗುಂದಕ್ಕೂ ಇದ್ದಷ್ಟು. ಬಸ್ಸಿನಲ್ಲಿ ಕೂತು ಇದನ್ನು ಓದುವವರು ಕಿಟಕಿಯಾಚೆ ನೋಡಿ ಅಂದಾಜು ಮಾಡಿಕೊಳ್ಳಬಹುದು. ತಪ್ಪಿಸಿಕೊಂಡು ಹೋಗಬೇಕಾದ ಪೋಲಂಡ್, ಹಂಗೇರಿ ಗಡಿಗಳು ಸಾವಿರ ಕಿಲೋಮೀಟರ್ ಆಚೆ, ಪಶ್ಚಿಮಕ್ಕೆ. ವಿಮಾನ ಬಂದ್. ಅವತ್ತೇ ಭಾರತದಿಂದ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ತಿರುಗಿ ಬಂತು.

ಮೊದಲೇ ಯಾಕೆ ಬರಲಿಲ್ಲ ಅಂತ ಆಗ ಕಟ್ಟೆ ಮೇಲೆ ಕೂತವರೆಲ್ಲ ಕೇಳಿದರು. ಕೇಳೋದು ಸಸಾರ. ಭಾರತೀಯ ರಾಯಭಾರ ಕಚೇರಿ ಫೆಬ್ರವರಿ 15ಕ್ಕೆ ಒಂದು ಸೂಚನೆ ಕೊಟ್ಟಿತ್ತು, ಅಗತ್ಯ ಇಲ್ಲದವರು ಸದ್ಯಕ್ಕೆ ಹೊರಡುವದು ಒಳ್ಳೇದು ಎಂದು. 20ಕ್ಕೆ ಮತ್ತೊಂದು ಸೂಚನೆ ಬಂತು. ಆದರೆ ಬಹಳ ಕಾಲೇಜುಗಳಲ್ಲಿ ಪಾಠ ನಡದೇ ಇದ್ದವು. ಬಿಟ್ಟು ಬಂದರೆ ಹಾಜರಿ ಹೋಗತದ, ಹಾಜರಿ ಹೋದರೆ ವರ್ಷ ಹೋಗತದ. ವಿಮಾನದ ಟಿಕೀಟಿನ ದರ ಏರಿ ಕೂತಿತ್ತು. ಸಾಲಾ ಮಾಡಿ ಕಳಿಸಿದ ಮನಿಯವರಿಗೆ ಇನ್ನೊಂದು ಟಿಕೀಟಿನ ದುಡ್ಡು ಕೇಳಲಿಕ್ಕೆ ಯಾವ ಹುಡುಗನಿಗೆ ಬಾಯಿ ಬರತದ? ನೋಡೋಣು ಅಂತ ಕುಂತರು.

ಬಂಕರಿನಲ್ಲಿ ಚಳಿ, ಮೊಬೈಲಿಗೆ ಚಾರ್ಜ್ ಇಲ್ಲ, ಬ್ರೆಡ್ಡಿನ ಮೇಲೆ ದಿನ ತಳ್ಳುವದು. ಸುಮಿ ಎಂಬ ಊರಲ್ಲಿ ಸಿಕ್ಕವರಂತೂ ನಳ ಬಂದಾದ ಮೇಲೆ ಹಿಮ ತುಂಬಿ ತಂದು ಕರಗಿಸಿ ಕುಡಿದರು. ನವಲಗುಂದ ಅಣ್ಣಿಗೇರಿಯವರಿಗೆ ನೀರಿನ ತಾಪತ್ರಯ ಹೊಸದಲ್ಲ, ಕೊಡ ಹಿಡಿದು ಪಾಳಿ ಹಚ್ಚಿದವರೇ ನಾವೆಲ್ಲ. ಆದರೆ ಬಾಂಬಿನ ಸಪ್ಪಳದ ನಡುವೆ ಪಾಳಿ ಹಚ್ಚೋದು ಬ್ಯಾರೆ. ಇತ್ತ ಅವ್ವ ಫೋನಿನಲ್ಲಿ ‘ಊಟ ಆತೇನಪಾ’ ಅಂದರೆ ಅತ್ತಲಿಂದ ‘ಆಗೇದಬೇ’ ಅನ್ನೋ ಉತ್ತರ. ಆಗಿರಲಿಲ್ಲ ಅನ್ನೋದು ಇಬ್ಬರಿಗೂ ಗೊತ್ತು.

ಮಾರ್ಚ್ 1ರಂದು ಆ ಊಟದ ಸಾಮಾನಿಗಾಗಿಯೇ ಒಬ್ಬ ಹುಡುಗ ಹೊರಗೆ ಹೋದ. ರಾಣೆಬೆನ್ನೂರು ತಾಲೂಕು ಚಳಗೇರಿಯ ನವೀನ್ ಗ್ಯಾನಗೌಡರ, ಖಾರ್ಕೀವ್ ಮೆಡಿಕಲ್ ವಿಶ್ವವಿದ್ಯಾಲಯದ ನಾಲ್ಕನೇ ವರ್ಷದ ವಿದ್ಯಾರ್ಥಿ. ಅಂಗಡಿಯ ಪಾಳಿಯಲ್ಲಿದ್ದಾಗ ಶೆಲ್ ದಾಳಿಯಾಯಿತು. ಆತ ತಿರುಗಿ ಬರಲಿಲ್ಲ. 1997ರ ತನಕ ರಾಣೆಬೆನ್ನೂರು ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಒಡೆದರೂ ಬೀಗತನ ಒಡೆದಿಲ್ಲ. ಅವತ್ತು ಸಂಜೆ ಕುಂದಗೋಳ, ಕಲಘಟಗಿ ಕಡೆಯ ಮನೆಗಳಲ್ಲೂ ಟೀವಿ ಮುಂದೆ ಕೂತವರ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಮರುದಿನ ರಾಯಭಾರ ಕಚೇರಿಯಿಂದ ಕಟ್ಟಪ್ಪಣೆ: ಖಾರ್ಕೀವ್ ಬಿಡಿರಿ, ಗಾಡಿ ಸಿಗದಿದ್ದರೆ ನಡೆದು ಹೋಗಿರಿ, ಸಂಜೆ ಆರರೊಳಗೆ ಪೆಸೋಚಿನ್, ಬಬಾಯಿ, ಬೆಜ್ಲ್ಯುಡೋವ್ಕಾ ಊರು ಮುಟ್ಟಿರಿ. ಹನ್ನೊಂದರಿಂದ ಹದಿನಾರು ಕಿಲೋಮೀಟರ್ ನಡಿಗೆ. ರೈಲು ಇದ್ದವು, ಆದರೆ ತಮ್ಮ ಹೆಂಗಸರು ಮಕ್ಕಳನ್ನು ಮೊದಲು ಹತ್ತಿಸುವ ಧಾವತಿ ಅಲ್ಲಿಯವರದು. ನಮ್ಮ ಮಕ್ಕಳು ಫಲಾಟಿನ ಮೇಲೇ ಉಳಿದರು. ಹೆಗಲಿಗೆ ಒಂದು ಚೀಲ, ಅದರಲ್ಲಿ ಪಾಸಪೋರ್ಟು, ಒಂದಿಷ್ಟು ಬಿಸ್ಕೀಟು. ಪುಸ್ತಕ ಎಲ್ಲ ರೂಮಿನಲ್ಲೇ. ಎಷ್ಟೋ ಮಂದಿಯ ಅಸಲು ಮಾರ್ಕ್ಸ್ ಕಾರ್ಡು ಕಾಲೇಜಿನ ಕಪಾಟಿನಲ್ಲೇ.

ಸುಮಿಯವರು ಮಾರ್ಚ್ 8ಕ್ಕೆ ಬಸ್ಸು ಹತ್ತಿ ಪೊಲ್ತಾವಾ ಮುಟ್ಟಿದರು, ಅಲ್ಲಿಂದ ರೈಲು ಹಿಡಿದು ಪಶ್ಚಿಮಕ್ಕೆ. ‘ಆಪರೇಶನ್ ಗಂಗಾ’ ಹೆಸರಿನಲ್ಲಿ ತೊಂಬತ್ತು ವಿಮಾನಗಳು ಓಡಾಡಿದವು, ಅದರಲ್ಲಿ ಹದಿನಾಲ್ಕು ವಾಯುಪಡೆಯವು. ಫೆಬ್ರವರಿಯಿಂದ ಹಿಡಿದು ಸುಮಾರು 22,500 ಭಾರತೀಯರು ಬಂದು ಮುಟ್ಟಿದರು. ಇದು ಸಣ್ಣ ಕೆಲಸ ಅಂತ ಯಾರೂ ಅನ್ನುವಂತಿಲ್ಲ. ಆದರೆ ಮಂತ್ರಿಗಳು ಹೂ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲಿನ ಕತೆ ಪೇಪರಿನ ಒಳಪುಟಕ್ಕೆ ಹೋಯಿತು. ನಾವು ಹೇಳಬೇಕಾಗಿರೋದು ಆ ಒಳಪುಟದ ಸುದ್ದಿ.

ನಮ್ಮ ಕಡೆಯವರು ಮೊದಲೂ ಪರದೇಶಕ್ಕೆ ಓದಲಿಕ್ಕೆ ಹೋಗಿದ್ದರು. ಸವಣೂರಿನ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1938ರಲ್ಲಿ ಪ್ರಥಮ ದರ್ಜೆ ಪಡೆದು ಬಂದರು. ಆ ಓದಿಗೆ ಒಂದು ತುದಿ ಇತ್ತು, ಬಂದ ಮೇಲೆ ಸಾಂಗ್ಲಿಯಲ್ಲಿ ಪ್ರಿನ್ಸಿಪಾಲರ ಕುರ್ಚಿ ಇತ್ತು. ಉಕ್ರೇನಿನಿಂದ ಬಂದವರಿಗೆ ಸಿಕ್ಕದ್ದು ಸುತ್ತೋಲೆಗಳು. ಆರು ವರ್ಷದ ಕೋರ್ಸಿನ ಕೊನೆಗೆ ಆ ದೇಶದವರು ‘ಕ್ರೋಕ್’ ಎಂಬ ಪರೀಕ್ಷೆ ಇಡುತ್ತಾರೆ. 2022ರಲ್ಲಿ ಕೊನೇ ವರ್ಷದವರಿಗೆ ಅದನ್ನು ರದ್ದು ಮಾಡಿದರು, ಮೂರನೇ ವರ್ಷದವರಿಗೆ ಮುಂದೂಡಿದರು. ನಡುವಿನವರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳಿದರು. ಹೆಣ ಕೊಯ್ಯೋದು, ನಾಡಿ ಹಿಡಿಯೋದು ಮೊಬೈಲಿನಾಗ ಹೆಂಗ ಕಲೀತಾರು?

ಇಲ್ಲಿಯ ಮೆಡಿಕಲ್ ಕಾಲೇಜಿಗೆ ಸೇರಿಸಿಕೊಳ್ಳಿರಿ ಎಂದು ಕೇಳಿದರೆ ಕಾನೂನಿನಲ್ಲಿ ಅವಕಾಶ ಇಲ್ಲ ಎಂದಿತು ಕೇಂದ್ರ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ, ಇವರು ನೀಟ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದುದಕ್ಕೋ ಖರ್ಚು ಕಡಿಮೆ ಎಂದೋ ಹೊರದೇಶಕ್ಕೆ ಹೋದವರು ಎಂಬ ಮಾತೂ ಇತ್ತು. ಚಳಗೇರಿಯ ಹುಡುಗ ಪಿಯುಸಿಯಲ್ಲಿ ಪ್ರತಿಶತ 97 ತೆಗೆದಿದ್ದ. ಅಷ್ಟು ಅಂಕ ಇದ್ದೂ ಇಲ್ಲಿ ಸರಕಾರಿ ಸೀಟು ಸಿಗಲಿಲ್ಲ, ಖಾಸಗಿ ಸೀಟಿಗೆ ಕೊಡುವಷ್ಟು ರೊಕ್ಕ ನಮ್ಮಲ್ಲಿರಲಿಲ್ಲ ಎಂದು ಆತನ ತಂದೆ ಅಳುತ್ತಲೇ ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಹೊರಗೆ ಹೋದವರೆಲ್ಲ ಜಾಣರು ಅಂತ ನಾವೂ ಹೇಳುವದಿಲ್ಲ. ಆದರೆ ಇಲ್ಲಿ ಖಾಸಗಿ ಸೀಟಿನ ಲೆಕ್ಕ ಕೋಟಿಗೆ ಹೋಗಿ ಮುಟ್ಟುವಾಗ, ಕಾಲು ಕೋಟಿಯ ಆಜೂಬಾಜೂ ಮುಗಿಯುವ ಓದಿಗೆ ಹೊಲ ಒತ್ತಿ ಹಾಕಿ ಕಳಿಸಿದ ತಂದೆಯನ್ನು ಯಾವ ಬಾಯಿಂದ ಬೈಯೋದು?

ಮುಂದೆ ಬ್ಯಾರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಲಿಕ್ಕೆ ಅನುಮತಿ ಬಂತು. ಕೆಲವರು ಜಾರ್ಜಿಯಾಕ್ಕೆ, ಕೆಲವರು ಉಜ್ಬೇಕಿಸ್ತಾನಕ್ಕೆ ಹೋದರು. ಕೆಲವರು ಯುದ್ಧ ನಡೆದಿರುವಾಗಲೇ ಉಕ್ರೇನಿಗೆ ತಿರುಗಿ ಹೋದರು. ಸಾಲ ತೀರಬೇಕಲ್ಲ. ಕೊನೇ ವರ್ಷದ ಓದನ್ನು ಮನೆಯಲ್ಲಿ ಕೂತು ಮುಗಿಸಿದವರಿಗೆ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ದಾರಿ ಆಯಿತು: ಇಲ್ಲಿಯ ಎಂಬಿಬಿಎಸ್ ಕೊನೇ ಪರೀಕ್ಷೆಗಳನ್ನು ಪಾಸು ಮಾಡಬೇಕು, ಆಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಮೊದಲು ಒಂದೇ ಅವಕಾಶ ಎಂದಿದ್ದರು, ಕೋರ್ಟು ಹೇಳಿದ ಮೇಲೆ ಎರಡಾಯಿತು.

ನವೀನನ ದೇಹ ಮಾರ್ಚ್ 21ರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ಚಳಗೇರಿಯ ಮನೆಯಲ್ಲಿ ವೀರಶೈವ ಪದ್ಧತಿಯಂತೆ ಪೂಜೆ ಮಾಡಿದರು, ಊರಿಗೆ ಊರೇ ಸೇರಿತ್ತು. ಮಣ್ಣು ಮಾಡಲಿಲ್ಲ. ದಾವಣಗೆರೆಯ ಎಸ್. ಎಸ್. ಮೆಡಿಕಲ್ ಕಾಲೇಜಿಗೆ ಕೊಟ್ಟರು, ಕಲಿಯುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಎಂದು. ಕರ್ನಾಟಕದ ಮೆಡಿಕಲ್ ಕಾಲೇಜಿಗೆ ಆತ ಹೋದದ್ದು ಹಾಗೆ.

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂತೆಂದರೆ ಏಜೆಂಟರ ಫೋನೂ ಸುರುವಾಗತಾವ. ಬಣ್ಣದ ಕಾಗದ ತೋರಿಸಿ, ‘ಫೀ ಕಡಿಮಿ ಸರ್, ಇಂಡಿಯನ್ ಮೆಸ್ ಅದ ಸರ್’ ಅನ್ನುತ್ತಾರೆ. ಕೈಯಲ್ಲಿ ರೊಕ್ಕ ಇಡುವ ಮೊದಲು ಮೆಸ್ಸಿನ ಮಾತು ಬಿಟ್ಟು ಬ್ಯಾರೆ ಕೇಳಿರಿ. 2021ರ ನಿಯಮದಂತೆ ಕೋರ್ಸು 54 ತಿಂಗಳಿಗೆ ಕಡಿಮೆ ಇರಬಾರದು, ಪಾಠ ಇಂಗ್ಲಿಷಿನಲ್ಲಿರಬೇಕು, ಒಂದು ವರ್ಷದ ಇಂಟರ್ನಶಿಪ್ ಅಲ್ಲೇ ಆಗಬೇಕು, ಕಲಿತ ಮೇಲೆ ಆ ದೇಶದಲ್ಲೇ ಡಾಕ್ಟರಕೀ ಮಾಡಲಿಕ್ಕೆ ಲೈಸೆನ್ಸ್ ಸಿಗುವಂತಿರಬೇಕು. ತಿರುಗಿ ಬಂದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ, ಮತ್ತೊಂದು ವರ್ಷ ಇಂಟರ್ನಶಿಪ್. ಇವಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಕೊಡಿರಿ ಅನ್ನಿರಿ. ಕೊಡುವದಿಲ್ಲ ಅಂದರೆ ಚಹಾ ಕುಡಿಸಿ ಕಳಿಸಿರಿ.